ಶೇಂಗಾ ಹಿಂಡಿ, ಇಲಿಯ ಲಿವರ್ ಮತ್ತು ಬೆಂಗಳೂರಿನ ಕೂಲಿ ಲ್ಯಾಬ್‌ಗಳು

ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರು ಬಂದದ್ದು ಶೇಂಗಾದಿಂದ. ಗಿರಣಿಗಳ ಸದ್ದು ಈಗ ಮೊದಲಿನಷ್ಟಿಲ್ಲ. ಆದರೂ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಕೆಂಪು ಮಣ್ಣಿನಲ್ಲಿ ಮಳೆ ನಂಬಿ ಬಿತ್ತುವವರು ಇವತ್ತಿಗೂ ಮೊದಲು ನೆನೆಯುವುದು ಶೇಂಗಾವನ್ನೇ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಇಳುವರಿ ಬೀಳುತ್ತದೆ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಅದೇ ಹೊತ್ತಿನಲ್ಲಿ ನೆಲದೊಳಗೆ ಇನ್ನೊಂದು ಕೆಲಸ ನಡೆದಿರುತ್ತದೆ. ಕಾದ ಒಣ ಮಣ್ಣಿನಲ್ಲಿ ಸೊರಗಿದ ಕಾಯಿಯೊಳಕ್ಕೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಸ್ಟು ಹೊಕ್ಕು ಅಫ್ಲಾಟಾಕ್ಸಿನ್ ಎಂಬ ವಸ್ತುವನ್ನು ತಯಾರಿಸುತ್ತದೆ. ಕಿತ್ತ ಮೇಲೆ ಕಾಯಿ ಸರಿಯಾಗಿ ಒಣಗದೆ ಚೀಲ ಸೇರಿದರೆ ಅಲ್ಲೂ ಅದು ಬೆಳೆಯುತ್ತದೆ.

ಔಷಧ ಕಂಪನಿಗಳಿಗಾಗಿ ಹಣ ಪಡೆದು ಪರೀಕ್ಷೆ ಮಾಡಿಕೊಡುವ ಬೆಂಗಳೂರಿನ ಲ್ಯಾಬ್‌ಗಳ ಬಗ್ಗೆ ಬರೆಯಹೊರಟು ಶೇಂಗಾ ಹೊಲದಲ್ಲಿ ನಿಂತಿರುವುದಕ್ಕೆ ಕಾರಣವಿದೆ. ಆ ಲ್ಯಾಬ್‌ಗಳು ಕೇಳುವ ಪ್ರಶ್ನೆಗೆ ಈ ಬೂಸ್ಟಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1960ರಲ್ಲಿ ಇಂಗ್ಲೆಂಡಿನ ಸಾಕಣೆ ಕೇಂದ್ರಗಳಲ್ಲಿ ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತವು. ರೋಗ ಯಾವುದೆಂದು ತಿಳಿಯದೆ ಅದಕ್ಕೆ ‘ಟರ್ಕಿ ಎಕ್ಸ್’ ಎಂದೇ ಹೆಸರಿಟ್ಟರು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದಿದ್ದ ಶೇಂಗಾ ಹಿಂಡಿ. ಅಫ್ಲಾಟಾಕ್ಸಿನ್ ಲೋಕಕ್ಕೆ ಪರಿಚಯವಾದದ್ದು ಹಾಗೆ. ನಮ್ಮ ದೇಶದಲ್ಲೂ 1974ರಲ್ಲಿ ರಾಜಸ್ಥಾನ-ಗುಜರಾತ್ ಗಡಿಯ ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಮುಸುಕಿನ ಜೋಳ ತಿಂದು ಕಾಮಾಲೆಯಾಗಿ 106 ಜನ ಸತ್ತರು.

ವಿಚಿತ್ರವೆಂದರೆ, ಬಾಟಲಿಯಲ್ಲಿರುವ ಅಫ್ಲಾಟಾಕ್ಸಿನ್ ತಾನಾಗಿ ನಮ್ಮ ಡಿಎನ್‌ಎಯ ಗೊಡವೆಗೆ ಹೋಗುವುದಿಲ್ಲ. ಅದು ನೀರಿನಲ್ಲಿ ಸರಿಯಾಗಿ ಕರಗದು. ಇಂಥವನ್ನು ಮೂತ್ರದಲ್ಲಿ ಹೊರಹಾಕಲು ಲಿವರ್ ಅವಕ್ಕೊಂದು ಆಮ್ಲಜನಕದ ಪರಮಾಣು ಅಂಟಿಸುತ್ತದೆ. ಈ ಕೆಲಸಕ್ಕೆಂದೇ ಲಿವರ್‌ನಲ್ಲಿ ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳ ದೊಡ್ಡ ಬಳಗವಿದೆ. ಹೆಚ್ಚಿನ ಸಲ ಅದರಿಂದ ಒಳ್ಳೆಯದೇ ಆಗುತ್ತದೆ. ಅಫ್ಲಾಟಾಕ್ಸಿನ್ ವಿಷಯದಲ್ಲಿ ಮಾತ್ರ, ಆ ಪರಮಾಣು ಅಂಟಿದೊಡನೆ ಹುಟ್ಟುವ ಹೊಸ ವಸ್ತು ಸಿಕ್ಕಿದ್ದಕ್ಕೆ ಅಂಟಿಕೊಳ್ಳುವ ಸ್ವಭಾವದ್ದು. ಅದು ಹೋಗಿ ಡಿಎನ್‌ಎಗೇ ಕಚ್ಚಿಕೊಳ್ಳುತ್ತದೆ, ಲಿವರ್ ಕ್ಯಾನ್ಸರ್‌ಗೆ ದಾರಿಯಾಗುತ್ತದೆ. ತಿಂದದ್ದು ಅರ್ಧ ವಿಷ, ಪೂರ್ತಿ ಮಾಡಿಕೊಂಡದ್ದು ನಮ್ಮ ಲಿವರ್.

ಇನ್ನೂ ಸ್ವಾರಸ್ಯದ ಸಂಗತಿ ಇಲಿಗಳದ್ದು. ಲ್ಯಾಬಿನವರು ರ‍್ಯಾಟ್ ಎನ್ನುವ ದೊಡ್ಡ ಇಲಿಗೆ ಅಫ್ಲಾಟಾಕ್ಸಿನ್ ತಿನ್ನಿಸಿದರೆ ಕ್ಯಾನ್ಸರ್ ಬರುತ್ತದೆ. ಮೌಸ್ ಎನ್ನುವ ಚಿಕ್ಕ ಇಲಿ ಅದೇ ಪ್ರಮಾಣಕ್ಕೆ ಹೆಚ್ಚು ಕಡಿಮೆ ಜಗ್ಗುವುದೇ ಇಲ್ಲ. ಅದರ ಲಿವರ್‌ನಲ್ಲಿರುವ ಇನ್ನೊಂದು ಕಿಣ್ವ, ಆ ಅಂಟುವ ವಸ್ತು ಹುಟ್ಟಿದ ತಕ್ಷಣ ಹಿಡಿದು ನಿಷ್ಕ್ರಿಯ ಮಾಡಿಬಿಡುತ್ತದೆ. ಮನುಷ್ಯನಲ್ಲಿ ಆ ಕಿಣ್ವ ನಿಧಾನಿ. ಅಫ್ಲಾಟಾಕ್ಸಿನ್ ಅನ್ನು ಯಾರೋ ಹೊಸ ಔಷಧವೆಂದು ತಂದು ಬರೀ ಚಿಕ್ಕ ಇಲಿಯ ಮೇಲೆ ಪರೀಕ್ಷೆ ಮಾಡಿದ್ದರೆ ‘ಸುರಕ್ಷಿತ’ ಎಂಬ ಷರಾ ಸಿಗುತ್ತಿತ್ತು.

ಹಿಂಡಿ ತಿಂದ ಆಕಳ ಕತೆ ಬೇರೆ. ಅದರ ಲಿವರ್ ಅಫ್ಲಾಟಾಕ್ಸಿನ್ ಬಿ1 ಎಂಬುದರಲ್ಲಿ ಒಂದಷ್ಟನ್ನು ಎಂ1 ಎಂಬ ರೂಪಕ್ಕೆ ಬದಲಿಸುತ್ತದೆ, ಅದು ಹಾಲಿನಲ್ಲಿ ಇಳಿದುಬರುತ್ತದೆ. ಎಣ್ಣೆ ಹಿಂಡಿದಾಗ ವಿಷದ ಬಹುಪಾಲು ಹಿಂಡಿಯಲ್ಲೇ ಉಳಿಯುವುದರಿಂದ ಎಣ್ಣೆಗಿಂತ ಹಿಂಡಿಯ ಮೇಲೆ ಹೆಚ್ಚು ಕಣ್ಣಿಡಬೇಕು.

ಒಂದು ವಸ್ತು ಮೈಯೊಳಗೆ ಹೋದ ಮೇಲೆ ನಡೆಯುವ ನಾಲ್ಕು ಕೆಲಸಗಳೂ ಇಲ್ಲಿ ಬಂದವು. ಕರುಳು ಅದನ್ನು ಹೀರುತ್ತದೆ, ರಕ್ತ ಅದನ್ನು ಅಂಗಾಂಗಗಳಿಗೆ ಹಂಚುತ್ತದೆ, ಲಿವರ್ ಅದರ ರೂಪ ಬದಲಿಸುತ್ತದೆ, ಮೂತ್ರ, ಮಲ, ಹಾಲುಗಳಲ್ಲಿ ಅದು ಹೊರಹೋಗುತ್ತದೆ. ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಔಷಧ ರಂಗದವರು ಇದನ್ನು ‘ಆಡ್ಮಿ’ ಎನ್ನುತ್ತಾರೆ. ವಿಷದ ಪರೀಕ್ಷೆಯೂ ಜೊತೆಗಿದ್ದರೆ ‘ಆಡ್ಮಿ-ಟಾಕ್ಸ್’. ಒಂದು ಹೊಸ ಅಣು ಮಾತ್ರೆಯಾಗಿ ಮನುಷ್ಯನ ಬಾಯಿಗೆ ಹೋಗುವ ಎಷ್ಟೋ ವರ್ಷ ಮೊದಲು, ಒಂದೆರಡು ಚಿಟಿಕೆ ಪುಡಿಯಾಗಿದ್ದಾಗಲೇ, ಈ ಪರೀಕ್ಷೆಗಳು ಆರಂಭವಾಗುತ್ತವೆ.

ಅವು ನಡೆಯುವ ಬಗೆ ಹೀಗೆ. ಲಿವರ್ ಅನ್ನು ನುಣ್ಣಗೆ ಅರೆದು ಗುರುತ್ವದ 9,000 ಪಟ್ಟು ಬಲದಲ್ಲಿ ಗಿರಗಿರನೆ ತಿರುಗಿಸುತ್ತಾರೆ. ತಳಕ್ಕೆ ಕೂತದ್ದನ್ನು ಬಿಟ್ಟು ಮೇಲಿನ ತಿಳಿ ತೆಗೆದರೆ ಅದು ‘ಎಸ್9’. ಅದನ್ನೇ 1 ಲಕ್ಷ ಪಟ್ಟಿನಲ್ಲಿ ಮತ್ತೆ ತಿರುಗಿಸಿದರೆ ಕೆಳಗೆ ಕೂರುವ ಮುದ್ದೆ ‘ಮೈಕ್ರೋಸೋಮ್’. ಪಿ450 ಬಳಗವೆಲ್ಲ ಇದರಲ್ಲಿದೆ. ಮೈನಸ್ 80 ಡಿಗ್ರಿಯಲ್ಲಿಟ್ಟರೆ ಬಹುಕಾಲ ಕೆಡದು. ಇಲಿ, ನಾಯಿ, ಕೋತಿಗಳ ಮೈಕ್ರೋಸೋಮ್ ಸಿಗುತ್ತದೆ, ಮನುಷ್ಯರದ್ದೂ ಸಿಗುತ್ತದೆ. ದಾನವಾಗಿ ಬಂದು ಕಸಿಗೆ ಒದಗದ ಲಿವರ್‌ಗಳಿಂದ ಅದನ್ನು ತೆಗೆಯುತ್ತಾರೆ. ಒಬ್ಬೊಬ್ಬರ ಲಿವರ್ ಒಂದೊಂದು ಬಗೆಯಾದ್ದರಿಂದ ಹತ್ತಾರು ದಾನಿಗಳದ್ದನ್ನು ಬೆರೆಸಿ ಮಾರುತ್ತಾರೆ.

96 ಗುಳಿಗಳ ಒಂದು ಪ್ಲಾಸ್ಟಿಕ್ ತಟ್ಟೆ. ಪ್ರತಿ ಗುಳಿಯಲ್ಲೂ ಮೈಕ್ರೋಸೋಮ್, ಅತಿ ಸಣ್ಣ ಪ್ರಮಾಣದ ಹೊಸ ಅಣು, ಕಿಣ್ವಕ್ಕೆ ಬೇಕಾದ ಎನ್‌ಎಡಿಪಿಎಚ್ ಎಂಬ ಇಂಧನ. ಬಿಸಿ 37 ಡಿಗ್ರಿ, ಅಂದರೆ ನಮ್ಮ ಮೈ ಬಿಸಿ. ಸೊನ್ನೆ, ಐದು, ಹದಿನೈದು, ಮೂವತ್ತು, ಅರವತ್ತನೆಯ ನಿಮಿಷಕ್ಕೆ ತಣ್ಣನೆಯ ಅಸಿಟೊನೈಟ್ರೈಲ್ ಸುರಿದು ಕ್ರಿಯೆ ನಿಲ್ಲಿಸಿ, ಮೂಲ ಅಣು ಎಷ್ಟು ಉಳಿಯಿತು ಎಂದು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅಳೆಯುತ್ತಾರೆ. ಐದೇ ನಿಮಿಷಕ್ಕೆ ಅರ್ಧ ಮಾಯವಾದರೆ ಅದು ಮಾತ್ರೆಯಾಗಿ ಬಾಳುವುದು ಕಷ್ಟ, ದಿನಕ್ಕೆ ಹತ್ತು ಸಲ ನುಂಗಬೇಕಾದೀತು. ಒಂದು ಗಂಟೆಯಾದರೂ ಕರಗದಿದ್ದರೆ ಮೈಯಲ್ಲೇ ಉಳಿದು ಕಾಡುತ್ತದೆಯೇ ಎಂದು ನೋಡಬೇಕು. ಮಾಯವಾದದ್ದು ಏನಾಗಿ ಹುಟ್ಟಿತು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಇದಕ್ಕೆ ಮನೆಮನೆಯ ಉದಾಹರಣೆ. ಅದರಲ್ಲಿ ಒಂದು ಸಣ್ಣ ಪಾಲನ್ನು ಲಿವರ್ ವಿಷವಾಗಿ ಬದಲಿಸುತ್ತದೆ, ಗ್ಲುಟಾಥಯೋನ್ ಎಂಬ ತನ್ನದೇ ದಾಸ್ತಾನಿನಿಂದ ಅದನ್ನು ಕೂಡಲೇ ಶಮನ ಮಾಡುತ್ತದೆ. ಹೇಳಿದ ಪ್ರಮಾಣ ಮೀರಿ ನುಂಗಿದರೆ ದಾಸ್ತಾನು ಬರಿದಾಗುತ್ತದೆ, ಲಿವರ್ ಸಾಯತೊಡಗುತ್ತದೆ. ದಿನವೂ ಕುಡಿಯುವವರಿಗೆ ಅಪಾಯ ಇನ್ನೂ ಬೇಗ.

ವಿಷ ಮಾಡುವ ಲಿವರ್‌ನಂತೆ ವಿಷ ತಡೆಯುವ ಲಿವರ್‌ಗೂ ಒಂದು ಉದಾಹರಣೆ ಬೇಕಲ್ಲ. ನೆಗಡಿ, ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಡಿನ್ ಎಂಬ ಮಾತ್ರೆಯದು ಆ ಕತೆ. ಈ ಅಣು ಹೃದಯದ ಪೊಟ್ಯಾಸಿಯಂ ದ್ವಾರವನ್ನು ಮುಚ್ಚಿ ಬಡಿತದ ಲಯ ಕೆಡಿಸಬಲ್ಲದು. ಆದರೆ ಸಾಮಾನ್ಯವಾಗಿ ಅದು ಹೃದಯ ತಲುಪುತ್ತಲೇ ಇರಲಿಲ್ಲ, ಕರುಳು-ಲಿವರ್‌ನ ಸಿವೈಪಿ3ಎ4 ಎಂಬ ಕಿಣ್ವ ದಾರಿಯಲ್ಲೇ ಅದನ್ನು ಫೆಕ್ಸೊಫೆನಡಿನ್ ಆಗಿ ಬದಲಿಸಿಬಿಡುತ್ತಿತ್ತು. ಯಾರೋ ಅದರ ಜೊತೆಗೆ ಫಂಗಸ್‌ಗೆ ಕೀಟೊಕೊನಜೋಲ್ ಅಥವಾ ಗಂಟಲು ನೋವಿಗೆ ಎರಿತ್ರೋಮೈಸಿನ್ ನುಂಗಿದರು. ಅವು ಕಿಣ್ವದ ಬಾಯಿ ಕಟ್ಟಿದವು, ಟರ್ಫೆನಡಿನ್ ರಕ್ತದಲ್ಲಿ ತುಂಬಿಕೊಂಡಿತು, ಹೃದಯಗಳು ನಿಂತವು. 1998ರಲ್ಲಿ ಅಮೆರಿಕದ ಅಂಗಡಿಗಳಿಂದ ಅದು ಹೊರಬಿತ್ತು. ಲಿವರ್ ಮಾಡುತ್ತಿದ್ದ ಫೆಕ್ಸೊಫೆನಡಿನ್ ಅನ್ನೇ ಈಗ ಮಾತ್ರೆಯಾಗಿ ಮಾರುತ್ತಾರೆ, ನಮ್ಮ ಮೆಡಿಕಲ್ ಸ್ಟೋರ್‌ಗಳಲ್ಲೂ ಸಿಗುತ್ತದೆ. ಆ ಘಟನೆಯ ತರುವಾಯ ಯಾವ ಹೊಸ ಅಣುವೂ ‘ಹರ್ಗ್’ ಎಂಬ ಹೃದಯದ್ವಾರದ ಪರೀಕ್ಷೆ ತಪ್ಪಿಸಿಕೊಳ್ಳುವಂತಿಲ್ಲ. ಇನ್ನೊಂದು ಔಷಧದ ಜೊತೆ ಕೊಟ್ಟರೆ ಏನಾದೀತು ಎಂದು ಕಿಣ್ವದ ಮಟ್ಟದಲ್ಲೇ ನೋಡುವುದೂ ರೂಢಿಯಾಯಿತು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಕರುಳಿನ ಕ್ಯಾನ್ಸರ್‌ನಿಂದ ಪಡೆದ ಕಾಕೊ-2 ಎಂಬ ಜೀವಕೋಶಗಳನ್ನು ಮೂರು ವಾರ ಒಂದು ಪೊರೆಯ ಮೇಲೆ ಬೆಳೆಸಿ, ಅಣು ಅದನ್ನು ದಾಟುತ್ತದೆಯೇ ಎಂದು ನೋಡುವುದು ಹೀರಿಕೆಯ ಪರೀಕ್ಷೆ. ರಕ್ತದ ಪ್ರೋಟೀನಿಗೆ ಎಷ್ಟು ಪಾಲು ಅಂಟಿಕೊಂಡಿರುತ್ತದೆ ಎಂಬುದು ಹಂಚಿಕೆಯದ್ದು. ಬ್ರೂಸ್ ಏಮ್ಸ್ 1973ರಲ್ಲಿ ಪ್ರಕಟಿಸಿದ ಸಾಲ್ಮೊನೆಲ್ಲಾ ಪರೀಕ್ಷೆ ಡಿಎನ್‌ಎ ಹಾನಿಯದ್ದು. ಆ ಬ್ಯಾಕ್ಟೀರಿಯಾಕ್ಕೆ ಬರೀ ಅಫ್ಲಾಟಾಕ್ಸಿನ್ ಕೊಟ್ಟರೆ ಏನೂ ಆಗುವುದಿಲ್ಲ. ಇಲಿಯ ಲಿವರ್‌ನ ಎಸ್9 ಬೆರೆಸಿ ಕೊಟ್ಟರೆ ತಟ್ಟೆಯ ತುಂಬ ಮಾರ್ಪಟ್ಟ ಬ್ಯಾಕ್ಟೀರಿಯಾಗಳ ಚುಕ್ಕಿಗಳು ಏಳುತ್ತವೆ.

ಇದನ್ನೆಲ್ಲ ಇಷ್ಟು ಬೇಗ ಮಾಡುವುದು ಏಕೆಂದರೆ ತಡವಾದರೆ ಹಣ ಮುಳುಗುತ್ತದೆ. ಕೋಲಾ ಮತ್ತು ಲ್ಯಾಂಡಿಸ್ ಎಂಬಿಬ್ಬರು 2004ರಲ್ಲಿ ಬರೆದ ಲೇಖನವೊಂದು ಈ ರಂಗದಲ್ಲಿ ಬಹಳ ಪ್ರಸಿದ್ಧ. 1991ರಲ್ಲಿ ಮನುಷ್ಯರ ಮೇಲಿನ ಪ್ರಯೋಗದಲ್ಲಿ ಬಿದ್ದುಹೋದ ಔಷಧಗಳಲ್ಲಿ ಸುಮಾರು ಶೇ 40ರಷ್ಟು ಬಿದ್ದದ್ದು ಮೈ ಅವನ್ನು ಸರಿಯಾಗಿ ಹೀರಲಿಲ್ಲ, ಬೇಗ ಕರಗಿಸಿತು ಎಂಬಂಥ ಕಾರಣಕ್ಕೆ. 2000ದ ಹೊತ್ತಿಗೆ ಆ ಪಾಲು ಶೇ 10ರ ಆಸುಪಾಸಿಗೆ ಇಳಿದಿತ್ತು. ತಟ್ಟೆಯ ಗುಳಿಗಳಲ್ಲೇ ‘ಬೇಡ’ ಎಂದು ತಿಳಿಯತೊಡಗಿದ್ದರ ಫಲ ಅದು. ಔಷಧ ಬಿದ್ದುಹೋಗುವುದೇನೂ ನಿಂತಿಲ್ಲ, ಬೀಳುವ ಕಾರಣ ಬದಲಾಗಿದೆ ಅಷ್ಟೆ.

ಇನ್ನು ಇದನ್ನು ಕೂಲಿಗೆ ಮಾಡಿಕೊಡುವ ಲ್ಯಾಬ್‌ಗಳ ಮಾತು. ಮೊಳಕಾಲ್ಮುರಿನ ರೇಷ್ಮೆ ಸೀರೆಯ ಕೂಲಿ ನೇಯ್ಗೆ ಬಲ್ಲವರಿಗೆ ಈ ವ್ಯವಹಾರ ಬಿಡಿಸಿ ಹೇಳಬೇಕಿಲ್ಲ. ರೇಷ್ಮೆ ಕೊಡುವವರು ಒಬ್ಬರು, ಡಿಸೈನ್ ಅವರದ್ದೇ, ಸೀರೆಯೂ ಅವರದ್ದೇ. ನೇಕಾರನದ್ದು ಮಗ್ಗ, ಕೈಚಳಕ ಮತ್ತು ಮಜೂರಿ. ಬಾಸ್ಟನ್ನಿನಲ್ಲೋ ಹೈದರಾಬಾದಿನಲ್ಲೋ ಇರುವ ಕಂಪನಿಯೊಂದು ತನ್ನ ಅಣುವಿಗೆ ಬರೀ ಒಂದು ಸಂಕೇತ ಸಂಖ್ಯೆ ಹಾಕಿ ಕಳಿಸುತ್ತದೆ, ಲ್ಯಾಬ್ ಅಂಕಿ ಕೊಡುತ್ತದೆ. ಅಣುವಿನ ಮೇಲೆ ಲ್ಯಾಬಿಗೆ ಹಕ್ಕಿಲ್ಲ, ಮುಂದೆ ಅದು ಸಾವಿರಾರು ಕೋಟಿಯ ಔಷಧವಾದರೂ ಪಾಲಿಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ. ನೇಕಾರನಿಂದ ಎಲ್ಲರೂ ಚೆಂದದ ಸೀರೆ ಬಯಸುತ್ತಾರೆ. ಲ್ಯಾಬಿನಿಂದ ಕೊಳ್ಳಬೇಕಾದ ಸರಕು ಬಹಳ ಸಲ ‘ಇದು ಆಗುವುದಿಲ್ಲ, ಬಿಟ್ಟುಬಿಡಿ’ ಎಂಬ ಮಾತು. ಹಣ ಕೊಟ್ಟವರಿಗೆ ಬೇಡವಾದ ಮಾತನ್ನೇ ಹಣ ಪಡೆದು ಹೇಳುವ ಧಂದೆ ಇದು.

ಚಳ್ಳಕೆರೆಯಿಂದ ಹಿರಿಯೂರು, ಶಿರಾ, ತುಮಕೂರು ದಾಟಿ ಬೆಂಗಳೂರಿಗೆ ಹೋಗುವ ಬಸ್ಸು ಇಂಥ ಲ್ಯಾಬ್‌ಗಳ ಪಕ್ಕದಲ್ಲೇ ಹಾದುಹೋಗುತ್ತದೆ. ನೆಲಮಂಗಲ ತಾಲ್ಲೂಕು ಸೋಂಪುರ ಹೋಬಳಿಯ ದೇವರಹೊಸಹಳ್ಳಿಯಲ್ಲಿ 2007ರಲ್ಲಿ ಶುರುವಾದ ಬಯೋನೀಡ್ಸ್ ಇದೆ. ಪೀಣ್ಯದಲ್ಲಿ ಯೂರೋಫಿನ್ಸ್ ಅಡ್ವಿನಸ್ ಇದೆ. ಮೊದಲು ಟಾಟಾ ಬಳಗದ್ದಾಗಿದ್ದ ಅದನ್ನು 2017ರಲ್ಲಿ ಯೂರೋಪಿನ ಯೂರೋಫಿನ್ಸ್ ಕೊಂಡಿತು. ಊರಿನ ಆ ತುದಿಗೆ, ಬೊಮ್ಮಸಂದ್ರದ ಕಡೆ, 1993ರಲ್ಲಿ ಬಯೋಕಾನ್‌ನ ಅಂಗಸಂಸ್ಥೆಯಾಗಿ ಹುಟ್ಟಿದ ಸಿಂಜೀನ್ ಇದೆ. ಈ ಕೂಲಿ ಸಂಶೋಧನೆಯನ್ನು ನಮ್ಮಲ್ಲಿ ಮೊದಲಿಗೆ ಆರಂಭಿಸಿದವರಲ್ಲಿ ಅದೂ ಒಂದು. 2015ರಲ್ಲಿ ಷೇರುಪೇಟೆಗೂ ಬಂತು. ಅಮೆರಿಕದ ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್‌ನಂಥ ದೊಡ್ಡ ಕಂಪನಿ ಅದರ ಆವರಣದಲ್ಲಿ ತನಗೆಂದೇ ಒಂದು ಸಂಶೋಧನಾ ಕೇಂದ್ರ ನಡೆಸಿಕೊಂಡು ಬಂದಿದೆ. ದೊಡ್ಡವರಿಗಿಂತ ಸಣ್ಣವರಿಗೆ ಇಂಥ ಲ್ಯಾಬ್‌ಗಳು ಹೆಚ್ಚು ಬೇಕು. ಹತ್ತಿಪ್ಪತ್ತು ಜನರ ಕಂಪನಿಯೊಂದು ಮಾಸ್ ಸ್ಪೆಕ್ಟ್ರೋಮೀಟರ್ ಕೊಂಡು, ಪ್ರಾಣಿಶಾಲೆ ಕಟ್ಟಿ, ಅನುಮತಿಗೆ ಅಲೆದು ಕೂರಲಾರದು.

ಹಣ ಕೊಡುವವರೇ ಫಲಿತಾಂಶ ಕಾಯುತ್ತಿರುವಾಗ ಲ್ಯಾಬ್ ನಿಜ ಹೇಳುತ್ತದೆಂದು ನಂಬುವುದು ಹೇಗೆ? ಒಂದು ಕಾಲಕ್ಕೆ ಸುಮ್ಮನೆ ನಂಬಿದ್ದರು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಇಂಡಸ್ಟ್ರಿಯಲ್ ಬಯೋ-ಟೆಸ್ಟ್ ಎಂಬ ಬೃಹತ್ ಲ್ಯಾಬ್ ಇತ್ತು. ಔಷಧ, ಕೀಟನಾಶಕ, ಸೌಂದರ್ಯವರ್ಧಕ, ಎಲ್ಲದರ ವಿಷ ಪರೀಕ್ಷೆಯನ್ನೂ ಅದು ವಹಿಸಿಕೊಳ್ಳುತ್ತಿತ್ತು. 1976ರಲ್ಲಿ ಸರ್ಕಾರಿ ರೋಗಶಾಸ್ತ್ರಜ್ಞ ಏಡ್ರಿಯನ್ ಗ್ರಾಸ್ ಅಲ್ಲಿನ ಇಲಿ ಪರೀಕ್ಷೆಯ ವರದಿಯೊಂದನ್ನು ಓದುವಾಗ ಅಂಕಿಗಳು ಅತಿ ಅಚ್ಚುಕಟ್ಟಾಗಿವೆ ಎನಿಸಿ ಕಡತ ಕೆದಕಿದರು. ಪ್ರಾಣಿಗಳನ್ನಿಟ್ಟಿದ್ದ ಒಂದು ಕೋಣೆಗೆ ನೌಕರರೇ ‘ಕೆಸರುಗುಂಡಿ’ ಎಂದು ಹೆಸರಿಟ್ಟಿದ್ದರು, ನೀರಿನ ಯಂತ್ರ ಕೆಟ್ಟು ಅಲ್ಲಿ ಇಲಿಗಳು ಸಾಯುತ್ತಿದ್ದವು. ಸತ್ತವು ಕೊಳೆತು ಪರೀಕ್ಷೆಗೆ ಬಾರದಿದ್ದಾಗ ದಾಖಲೆಯಲ್ಲಿ ಮೂರಕ್ಷರದ ಒಂದು ಗುಪ್ತ ಗುರುತು ಬೀಳುತ್ತಿತ್ತು, ‘ತೀರಾ ಕೊಳೆತಿದೆ’ ಎಂಬುದರ ಹ್ರಸ್ವರೂಪ. ಗಿರಾಕಿಗೆ ಹೋಗುವ ವರದಿ ಮಾತ್ರ ಚೆಂದವಾಗಿಯೇ ಇರುತ್ತಿತ್ತು. 1983ರಲ್ಲಿ ಅಲ್ಲಿನ ಮೂವರು ಅಪರಾಧಿಗಳೆಂದು ತೀರ್ಮಾನವಾಯಿತು. ಅಷ್ಟು ಹೊತ್ತಿಗೆ ಆ ವರದಿಗಳನ್ನು ನಂಬಿ ಒಪ್ಪಿಗೆ ಪಡೆದ ವಸ್ತುಗಳು ಲೋಕವೆಲ್ಲ ಹರಡಿದ್ದವು.

ಇಂದು ಲ್ಯಾಬ್‌ಗಳ ಗೋಡೆಯ ಮೇಲೆ ಕಾಣುವ ಜಿಎಲ್‌ಪಿ, ಅಂದರೆ ‘ಗುಡ್ ಲ್ಯಾಬೊರೇಟರಿ ಪ್ರ್ಯಾಕ್ಟೀಸ್’ ಪ್ರಮಾಣಪತ್ರದ ಮೂಲ ಇದೇ ಹಗರಣ. ಅಮೆರಿಕದಲ್ಲಿ ಆ ನಿಯಮಗಳು 1979ರಿಂದ ಜಾರಿಗೆ ಬಂದವು, 1981ರಲ್ಲಿ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ತನ್ನದೇ ಸೂತ್ರಗಳನ್ನು ಒಪ್ಪಿಕೊಂಡಿತು. ಪ್ರತಿ ಅಧ್ಯಯನಕ್ಕೂ ಒಬ್ಬ ಸ್ಟಡಿ ಡೈರೆಕ್ಟರ್ ಇದ್ದು ಸಹಿ ಹಾಕಿ ಹೊಣೆ ಹೊರಬೇಕು. ಅವರ ಕೈಕೆಳಗಿರದ ಬೇರೆಯದೇ ಗುಣಮಟ್ಟ ಖಾತರಿ (ಕ್ಯೂಎ) ವಿಭಾಗ ಅದನ್ನು ತಪಾಸಣೆ ಮಾಡಬೇಕು. ಮೂಲ ಅಂಕಿ-ಅಂಶ, ಅಂಗಾಂಶದ ಸ್ಲೈಡು ಎಲ್ಲವನ್ನೂ ವರ್ಷಗಟ್ಟಲೆ ಕಾಪಿಡಬೇಕು. ನಮ್ಮಲ್ಲಿ ಇದನ್ನು ನೋಡಿಕೊಳ್ಳುವ ರಾಷ್ಟ್ರೀಯ ಪ್ರಾಧಿಕಾರವನ್ನು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002ರಲ್ಲಿ ಸ್ಥಾಪಿಸಿತು. 2011ರ ಮಾರ್ಚ್‌ನಲ್ಲಿ ಭಾರತ ಒಇಸಿಡಿಯ ಪರಸ್ಪರ ಮಾನ್ಯತೆಯ ವ್ಯವಸ್ಥೆಗೆ ಪೂರ್ಣವಾಗಿ ಸೇರಿತು. ಆಗಿನಿಂದ ನೆಲಮಂಗಲದಲ್ಲೋ ಪೀಣ್ಯದಲ್ಲೋ ಜಿಎಲ್‌ಪಿ ಪ್ರಕಾರ ನಡೆದ ಪರೀಕ್ಷೆಯನ್ನು ಜರ್ಮನಿ, ಜಪಾನ್‌ಗಳು ಮತ್ತೆ ಮಾಡಿಸಿ ಎನ್ನುವಂತಿಲ್ಲ. ಅಷ್ಟು ಇಲಿ, ನಾಯಿಗಳ ಜೀವವೂ ಉಳಿಯಿತು.

ಇಲ್ಲೊಂದು ಸೂಕ್ಷ್ಮವಿದೆ, ಜಾಹೀರಾತುಗಳು ಅದನ್ನು ಹೇಳುವುದಿಲ್ಲ. ಮೇಲೆ ವಿವರಿಸಿದ ಮೈಕ್ರೋಸೋಮ್, ಕಾಕೊ-2 ಪರೀಕ್ಷೆಗಳು ಸಾಮಾನ್ಯವಾಗಿ ಜಿಎಲ್‌ಪಿ ಅಡಿ ನಡೆಯುವುದಿಲ್ಲ. ನೂರಾರು ಅಣುಗಳನ್ನು ಜರಡಿ ಹಿಡಿಯುವಾಗ ಅಷ್ಟೊಂದು ಕಾಗದಪತ್ರ ಹೊರೆಯೆಂದು ಅದನ್ನು ಉಳಿದ ಒಂದೆರಡು ಅಣುಗಳ ಪ್ರಾಣಿ ಪರೀಕ್ಷೆಗೆ ಮೀಸಲಿಡುತ್ತಾರೆ. ಆರಂಭದ ಅಂಕಿಗಳ ನಿಜಕ್ಕೆ ಲ್ಯಾಬಿನ ಹೆಸರೇ ಜಾಮೀನು. ಹೆಸರು ಹೋದರೆ ಏನಾಗುತ್ತದೆ ಎಂಬುದನ್ನು ನೆರೆಯ ಹೈದರಾಬಾದ್ 2015ರಲ್ಲಿ ನೋಡಿತು. ಜಿವಿಕೆ ಬಯೋಸೈನ್ಸಸ್‌ನ ಮನುಷ್ಯ ಪ್ರಯೋಗಗಳಲ್ಲಿ ಇಸಿಜಿ ದಾಖಲೆಗಳು ನಂಬುವಂತಿಲ್ಲ ಎಂದು ತಪಾಸಣೆಯಲ್ಲಿ ಕಂಡ ಮೇಲೆ, ಅವನ್ನು ಆಧರಿಸಿದ್ದ ಸುಮಾರು 700 ಔಷಧ ರೂಪಗಳ ಮಾರಾಟ ತಡೆಹಿಡಿಯಲು ಯೂರೋಪಿನ ಔಷಧ ಸಂಸ್ಥೆ ಶಿಫಾರಸು ಮಾಡಿತು. ಅದು ಬೇರೆ ಹಂತದ ಪರೀಕ್ಷೆ, ಆದರೆ ಪೆಟ್ಟು ತಿಂದದ್ದು ಇಡೀ ಉದ್ಯಮ.

ಲ್ಯಾಬ್ ನಿಜವನ್ನೇ ಹೇಳಿದರೂ, ಪರೀಕ್ಷೆ ಮಾಡಿದ ಪ್ರಾಣಿ ಒಂದು, ಪೆಟ್ಟು ತಿನ್ನುವ ಪ್ರಾಣಿ ಇನ್ನೊಂದು ಆದಾಗ ಆಗುವ ಅನಾಹುತಕ್ಕೆ ದೂರ ಹೋಗಬೇಕಿಲ್ಲ. ಅಮೃತಮಹಲ್ ಕಾವಲುಗಳ, ಕಿಲಾರಿಗಳು ದೇವರ ಎತ್ತು ಕಾಯುವ ಈ ಸೀಮೆಯಲ್ಲಿ ದನದ ಔಷಧದ ಮಾತು ಎಲ್ಲರಿಗೂ ತಾಗುತ್ತದೆ. ಕುಂಟುವ ಎತ್ತಿಗೆ ಚುಚ್ಚುತ್ತಿದ್ದ ಡೈಕ್ಲೊಫಿನಾಕ್ ಎಂಬ ನೋವಿನ ಮದ್ದು ಎತ್ತಿಗೆ ಏನೂ ಕೇಡು ಮಾಡಲಿಲ್ಲ. ಆ ದನ ಸತ್ತು, ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದರ ಒಡಲೊಳಗೆ ಯೂರಿಕ್ ಆಮ್ಲ ಹರಳುಗಟ್ಟಿತು. ಕಾರಣ ಖಚಿತವಾದದ್ದು 2004ರಲ್ಲಿ, ಪಶು ಬಳಕೆಗೆ ನಿಷೇಧ ಬಂದದ್ದು 2006ರಲ್ಲಿ. ಅಷ್ಟರಲ್ಲಿ ಆಕಾಶ ಬರಿದಾಗಿತ್ತು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಸಾರಿದ್ದು ಅಳಿದುಳಿದ ಕೆಲವಕ್ಕಾಗಿ. ಡೈಕ್ಲೊಫಿನಾಕ್ ಜಾಗಕ್ಕೆ ಅಸೆಕ್ಲೊಫಿನಾಕ್ ಬಂತು. ಆಕಳ ಮೈ ಅದನ್ನು ಬೇಗನೆ ಡೈಕ್ಲೊಫಿನಾಕ್ ಆಗಿಯೇ ಬದಲಿಸಿಬಿಡುತ್ತದೆ ಎಂದು 2016ರಲ್ಲಿ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಸರ್ಕಾರ ಅದನ್ನು ದನಗಳಿಗೆ ನಿಷೇಧಿಸಿದ್ದು 2023ರಲ್ಲಿ. ಸೂಜಿ ಮಾರುಕಟ್ಟೆಗೆ ಬರುವ ಮೊದಲೇ ಆಕಳ ರಕ್ತದ ಕೆಲವು ಮಾದರಿಗಳನ್ನು ಯಾರಾದರೂ ಅಳೆದಿದ್ದರೆ ಇದು ತಿಳಿಯುತ್ತಿತ್ತು. ಮನುಷ್ಯರ ಔಷಧಕ್ಕೆ ಇರುವ ಕಾಳಜಿಯಲ್ಲಿ ಕಾಲು ಭಾಗವೂ ಪಶು ಔಷಧಕ್ಕೆ ಇಲ್ಲ ಎಂಬುದು ನನ್ನ ತಕರಾರು.

ಪ್ರಾಣಿಗಳ ಮೇಲಿನ ಪ್ರಯೋಗವೇ ಈಗ ಪ್ರಶ್ನೆಗೊಳಗಾಗಿದೆ. 2023ರ ಮಾರ್ಚ್‌ನಲ್ಲಿ ನಮ್ಮ ಹೊಸ ಔಷಧ ನಿಯಮಗಳಿಗೆ ಬಂದ ತಿದ್ದುಪಡಿ, ಮನುಷ್ಯರ ಜೀವಕೋಶದಿಂದ ಬೆಳೆಸಿದ ಪುಟ್ಟ ಅಂಗಗಳು, ಎಲೆಕ್ಟ್ರಾನಿಕ್ ಚಿಪ್‌ನಷ್ಟು ಪುಟ್ಟ ಫಲಕದ ಮೇಲೆ ಬೆಳೆಸಿದ ಲಿವರ್, ಕಂಪ್ಯೂಟರ್ ಮಾದರಿ ಇವುಗಳ ಫಲಿತಾಂಶವನ್ನೂ ಒಪ್ಪಲು ದಾರಿ ತೆರೆಯಿತು. ಅಮೆರಿಕ ಅದಕ್ಕೆ ಕೆಲವೇ ತಿಂಗಳ ಮೊದಲು ಅಂಥದ್ದೇ ಕಾಯ್ದೆ ಮಾಡಿತ್ತು. ಇಲಿ ಪಂಜರಗಳು ನಾಳೆಯೇ ಖಾಲಿಯಾಗುವುದಿಲ್ಲ. ಆದರೆ ಚಿಕ್ಕ ಇಲಿಗೂ ಮನುಷ್ಯನಿಗೂ ಅಫ್ಲಾಟಾಕ್ಸಿನ್ ವಿಷಯದಲ್ಲಿರುವ ಅಂತರ ನೋಡಿದವರಿಗೆ, ಮನುಷ್ಯನ ಲಿವರ್ ಅನ್ನೇ ಕೇಳಬೇಕೆಂಬ ವಾದ ದಯೆಯ ಮಾತಷ್ಟೇ ಅಲ್ಲ ಎಂದು ಹೊಳೆಯುತ್ತದೆ.

ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಕೊಟ್ಟಾಗಿನಿಂದ ಚಳ್ಳಕೆರೆಯನ್ನು ವಿಜ್ಞಾನ ನಗರಿ ಎನ್ನುವವರೂ ಇದ್ದಾರೆ. ಸದ್ಯಕ್ಕೆ ಈ ಬಗೆಯ ಕೆಲಸ ಹುಡುಕುವವರು ಹತ್ತಬೇಕಾದ್ದು ಬೆಂಗಳೂರಿನ ಬಸ್ಸನ್ನೇ. ಚಿತ್ರದುರ್ಗದ ಫಾರ್ಮಸಿ ಕಾಲೇಜಿನಲ್ಲೋ ಚಳ್ಳಕೆರೆಯಲ್ಲಿ ರಸಾಯನಶಾಸ್ತ್ರದ ಬಿ.ಎಸ್ಸಿ.ಯಲ್ಲೋ ಕೂತಿರುವ ಹುಡುಗ ಹುಡುಗಿಯರಿಗೆ ಈ ಲ್ಯಾಬ್‌ಗಳಲ್ಲಿ ಜಾಗವಿದೆ. ಮಾಸ್ ಸ್ಪೆಕ್ಟ್ರೋಮೀಟರ್ ನಡೆಸುವುದನ್ನು ಅಲ್ಲೇ ಹೋಗಿ ಕಲಿಯಬಹುದು. ಮೊದಲು ಕಲಿತಿರಬೇಕಾದ್ದು ನೋಟ್‌ಬುಕ್ ಬರೆಯುವ ಕ್ರಮ. ಕಾಲೇಜಿನ ಪ್ರ್ಯಾಕ್ಟಿಕಲ್ಸ್‌ನಲ್ಲಿ ಪುಸ್ತಕದ ಉತ್ತರ ನೋಡಿಕೊಂಡು ರೀಡಿಂಗ್ ತಿದ್ದುವ ಅಭ್ಯಾಸ ನಮ್ಮಲ್ಲಿ ಯಾರಿಗಿಲ್ಲ? ಆ ಲ್ಯಾಬ್‌ಗಳಲ್ಲಿ ತಪ್ಪು ಅಂಕಿಯ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನದ್ದು ಓದಲು ಬರಬೇಕು, ಪಕ್ಕದಲ್ಲಿ ಸರಿಯಾದದ್ದು, ಕಾರಣ, ಸಹಿ, ತಾರೀಖು ಬೀಳಬೇಕು. ವೈಟ್ನರ್ ಬಾಟಲಿಗೆ ಒಳಗೆ ಪ್ರವೇಶವಿಲ್ಲ.